ರಜೆ ಕೊಡಿಸಿದವರ ಹುಟ್ಟುಹಬ್ಬಕ್ಕೆ ರಜೆ ಬೇಡವಂತೆ

‘ಮಹಾಪುರುಷರ ಜಯಂತಿಗೆ ರಜೆ ಯಾತಕ್ಕೆ? ಅಂದು ಎರಡು ಗಂಟೆ ಹೆಚ್ಚು ದುಡಿದರೆ ಅದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ.’ ಅಂಬೇಡ್ಕರ್ ಜಯಂತಿಯ ದಿನ, ಏಪ್ರಿಲ್ 14, ಹತ್ತಿರ ಬಂತೆಂದರೆ ಈ ಮಾತು ಪತ್ರಿಕೆಯ ವಾಚಕರ ಅಂಕಣದಿಂದ ಹಿಡಿದು ವಾಟ್ಸ್‌ಆ್ಯಪ್ ಗುಂಪಿನವರೆಗೆ ಎಲ್ಲ ಕಡೆ ಹರಿದಾಡುತ್ತದೆ. ಹೇಳುವವರ ದನಿಯಲ್ಲಿ ದೇಶದ ಚಿಂತೆ ಇರುತ್ತದೆ. ಕೇಳುವವರು ತಲೆದೂಗುತ್ತಾರೆ, ಎದುರು ಮಾತಾಡಿದರೆ ಮೈಗಳ್ಳ ಎನಿಸಿಕೊಳ್ಳುವ ಭಯ. ಸರ್ಕಾರಿ ನೌಕರರಂತೂ ಈ ಚರ್ಚೆ ಶುರುವಾದರೆ ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಹೀಗೆ ಯಾರೂ ತಡೆದು ಕೇಳದೆ ಬಿಟ್ಟಿದ್ದರಿಂದ ಒಂದು ಅರೆಬೆಂದ ಅಭಿಪ್ರಾಯ ಸುಭಾಷಿತದ ಪಟ್ಟವೇರಿ ಕೂತಿದೆ. ಅದನ್ನು ಅಲ್ಲಿಂದ ಇಳಿಸಬೇಕು.

ಇದು ಬರಿಯ ಹರಟೆಯಾಗಿಯೂ ಉಳಿದಿಲ್ಲ. 2017ರ ಏಪ್ರಿಲ್ 14ರಂದೇ ಉತ್ತರ ಪ್ರದೇಶದ ಮುಖ್ಯಮಂತ್ರಿ ಯೋಗಿ ಆದಿತ್ಯನಾಥ್, ಮಹಾಪುರುಷರ ಜಯಂತಿಗಳಂದು ಶಾಲೆಗೆ ರಜೆ ಇರಕೂಡದು, ಅವರ ಕುರಿತು ಎರಡು ಗಂಟೆ ಕಾರ್ಯಕ್ರಮ ನಡೆಯಬೇಕು ಎಂದರು. ಅದೇ ತಿಂಗಳು ಅವರ ಸಂಪುಟ 15 ಸಾರ್ವಜನಿಕ ರಜೆಗಳನ್ನು ಒಂದೇ ಸಲಕ್ಕೆ ಕೈಬಿಟ್ಟಿತು. ದೇಶದ ಉದ್ದಗಲಕ್ಕೂ ಚಪ್ಪಾಳೆ ಬಿತ್ತು. ನಮ್ಮ ರಾಜ್ಯದಲ್ಲೂ ಜಯಂತಿ ರಜೆಗಳಿಗೆ ಕತ್ತರಿ ಹಾಕುವ ಮಾತು ಆಗಾಗ ಏಳುತ್ತದೆ, ಸಮುದಾಯಗಳ ಸಿಟ್ಟಿಗೆ ಹೆದರಿ ಮಲಗುತ್ತದೆ. ಶಾಲೆಯ ಮಟ್ಟಿಗೆ ನನ್ನ ತಕರಾರು ಕಡಿಮೆ. ಮಕ್ಕಳಿಗೆ ಅಂದು ಗಣಿತ ಬದಿಗಿಟ್ಟು ಅಸ್ಪೃಶ್ಯರ ನೀರಿನ ಹಕ್ಕಿಗಾಗಿ ಅಂಬೇಡ್ಕರ್ ಹೋರಾಡಿದ ಮಹಾಡದ ಕೆರೆಯ ಕಥೆ ಹೇಳುವುದಾದರೆ ಬಾಗಿಲು ತೆರೆದೇ ಇರಲಿ. ಆದರೆ ಶಾಲೆಯ ಹೆಸರಿನಲ್ಲಿ ಶುರುವಾದ ವಾದ ಕಾರ್ಖಾನೆಯ ಗೇಟಿನವರೆಗೆ ಬಂದು ‘ಹೆಚ್ಚು ದುಡಿ’ ಎಂದಾಗ, ಅದು ಯಾರ ಹೆಸರಿನಲ್ಲಿ ಹಾಗೆ ಹೇಳುತ್ತಿದೆ ಎಂದು ಕೇಳಲೇಬೇಕಾಗುತ್ತದೆ.

ಭೀಮರಾವ್ ಅಂಬೇಡ್ಕರ್ ಈ ದೇಶದ ಕಾರ್ಮಿಕರ ದುಡಿಮೆಯ ಗಂಟೆಗಳನ್ನು ಇಳಿಸಿದವರು. ಸಂಬಳಸಹಿತ ರಜೆಯನ್ನು ಕಾರ್ಖಾನೆ ಕಾಯ್ದೆಯೊಳಗೆ ತಂದವರು. 1942ರ ಜುಲೈನಲ್ಲಿ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಗೆ ಸೇರಿದ್ದು ಕಾರ್ಮಿಕ ಖಾತೆಯ ಸದಸ್ಯರಾಗಿ. 1946ರವರೆಗೆ ಅದೇ ಹೊಣೆಯಲ್ಲಿದ್ದರು. ಕಾರ್ಖಾನೆ ಕಾಯ್ದೆಗೆ 1945ರಲ್ಲಾದ ತಿದ್ದುಪಡಿ ಅವರು ಕೇಂದ್ರ ಶಾಸನಸಭೆಯ ಮುಂದಿಟ್ಟದ್ದು. ಹನ್ನೆರಡು ತಿಂಗಳು ಎಡೆಬಿಡದೆ ದುಡಿದ ವಯಸ್ಕ ಕಾರ್ಮಿಕನಿಗೆ ವರ್ಷಕ್ಕೆ 10 ದಿನ ಸಂಬಳದ ರಜೆ, ಬಾಲಕಾರ್ಮಿಕರಿಗೆ 14 ದಿನ ಎಂದು ಅದು ಗೊತ್ತುಮಾಡಿತು. ಅದಕ್ಕೂ ಮುಂಚೆ ರಜೆ ಎಂದರೆ ಕೂಲಿ ಕಳೆದುಕೊಂಡ ದಿನ. ಮಗಳ ಮದುವೆಗೆ ಊರಿಗೆ ಹೋದವನು ಹಿಂದಿರುಗಿ ಬಂದಾಗ ಕೂಲಿಯಷ್ಟೇ ಅಲ್ಲ, ಕೆಲಸವೂ ಉಳಿದಿದೆ ಎಂಬ ಭರವಸೆ ಇರಲಿಲ್ಲ. 1946ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು, ಹಂಗಾಮಿನ ಕಾರ್ಖಾನೆಗಳಲ್ಲಿ 60ರಿಂದ 50ಕ್ಕೆ.

ಇಲ್ಲಿ ನಮ್ಮ ಕಡೆಯವರಿಗೂ ಒಂದು ಮಾತು. ಜಯಂತಿಯ ಫ್ಲೆಕ್ಸುಗಳಲ್ಲಿ ‘ಹದಿನಾಲ್ಕು ಗಂಟೆಯ ದುಡಿಮೆಯನ್ನು ಎಂಟಕ್ಕೆ ಇಳಿಸಿದ ಮಹಾನಾಯಕ’ ಎಂದು ಬರೆಸುತ್ತಾರೆ. 1934ರ ಕಾಯ್ದೆಯಲ್ಲೇ ದಿನದ ಮಿತಿ ಹತ್ತು ಗಂಟೆ ಇತ್ತು. 1946ರಲ್ಲಿ ಅದು ಒಂಬತ್ತಾಯಿತು. ಉತ್ಪ್ರೇಕ್ಷೆ ಏಕೆ ಬೇಕು? ವಾರಕ್ಕೆ ಆರು ಗಂಟೆ ಎಂದರೆ ವರ್ಷಕ್ಕೆ ಮುನ್ನೂರು ಗಂಟೆಗೂ ಹೆಚ್ಚು. ಅಷ್ಟು ಹೊತ್ತನ್ನು ಮಗ್ಗದಿಂದ ಕಿತ್ತು ಮನೆಗೆ ಕೊಟ್ಟದ್ದು ಸಣ್ಣ ಕೆಲಸವೇ? ದಾಖಲೆಯಲ್ಲಿರುವ ಅಂಬೇಡ್ಕರ್ ಫ್ಲೆಕ್ಸಿನಲ್ಲಿರುವವರಿಗಿಂತ ಗಟ್ಟಿ. ಹಾಗೆಂದು ಎಲ್ಲವೂ ಹೊಗಳಿಕೆಗೆ ತಕ್ಕದ್ದೂ ಅಲ್ಲ. ಯುದ್ಧಕಾಲದಲ್ಲಿ ಕಲ್ಲಿದ್ದಲಿನ ಕೊರತೆಯಾಗಿ, ಹೆಂಗಸರು ಗಣಿಯ ಒಳಗಿಳಿಯಬಾರದೆಂಬ ನಿಷೇಧವನ್ನು 1943ರಲ್ಲಿ ಸರ್ಕಾರ ಸಡಿಲಿಸಿದಾಗ ಶಾಸನಸಭೆಯಲ್ಲಿ ಅದನ್ನು ಸಮರ್ಥಿಸಿಕೊಂಡವರೂ ಇವರೇ. 1946ರಲ್ಲಿ ನಿಷೇಧ ಮತ್ತೆ ಬಂತು. ಕಾರ್ಮಿಕ ನಾಯಕನೊಬ್ಬನನ್ನು ನೆನೆಯುವುದೆಂದರೆ ಇದನ್ನೂ ನೆನೆಯುವುದು. ದೇವರ ಉತ್ಸವವಾದರೆ ಇಂಥ ಲೆಕ್ಕ ಬೇಕಿರಲಿಲ್ಲ.

ಈ ಕಾರ್ಮಿಕ ನಾಯಕ ಎಲ್ಲಿ ಹೋದರು? ನಾವು ನಿಲ್ಲಿಸಿದ ವಿಗ್ರಹಗಳಲ್ಲಿ ಅವರ ಕೈಯಲ್ಲಿ ಸಂವಿಧಾನವಿದೆ, ತೋರುಬೆರಳು ಸಂಸತ್ತಿನ ಕಡೆಗಿದೆ. ಒಳ್ಳೆಯದೇ. ಆದರೆ ಸಂವಿಧಾನ ಶಿಲ್ಪಿಯೊಬ್ಬರನ್ನೇ ಉಳಿಸಿಕೊಂಡರೆ ಎಲ್ಲ ಪಕ್ಷದವರಿಗೂ ಅನುಕೂಲ, ಎಲ್ಲ ಮಾಲೀಕರಿಗೂ ಅನುಕೂಲ. ಪೀಠಿಕೆ ಓದಿಸಿ, ಪುಷ್ಪಾರ್ಚನೆ ಮಾಡಿ, ಒಂಬತ್ತೂವರೆಗೆ ಪಂಚಿಂಗ್ ಯಂತ್ರದ ಮುಂದೆ ನಿಲ್ಲಿಸಬಹುದು. 1936ರಲ್ಲಿ ಅವರು ಕಟ್ಟಿದ ಪಕ್ಷದ ಹೆಸರು ಸ್ವತಂತ್ರ ಕಾರ್ಮಿಕ ಪಕ್ಷ ಎಂಬುದು ಪುಷ್ಪಾರ್ಚನೆಯ ಭಾಷಣಗಳಲ್ಲಿ ಬರುವುದು ಅಪರೂಪ. ಮುಂದಿನ ವರ್ಷ ಮುಂಬಯಿ ಪ್ರಾಂತದ ಚುನಾವಣೆಯಲ್ಲಿ ಆ ಪಕ್ಷದಿಂದ ಗೆದ್ದವರಲ್ಲಿ ಬೆಳಗಾವಿ ಜಿಲ್ಲೆಯ ಬಲವಂತ ವರಾಳೆಯವರೂ ಇದ್ದರೆಂಬುದು ಬೆಳಗಾವಿಯಲ್ಲೇ ಎಷ್ಟು ಮಂದಿಗೆ ಗೊತ್ತು?

ಜಾತಿಯ ಹೋರಾಟ ಬೇರೆ, ಕೂಲಿಯ ಹೋರಾಟ ಬೇರೆ ಎಂದು ಅವರು ಎಂದೂ ಎರಡು ಕಪಾಟಿನಲ್ಲಿ ಇಟ್ಟವರಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದುದು ನೇಯ್ಗೆಯ ವಿಭಾಗದಲ್ಲಿ. ಅಲ್ಲಿ ಲಾಳಿಯ ದಾರ ಮುಗಿದಾಗ ಹೊಸ ದಾರದ ತುದಿಯನ್ನು ಬಾಯಿಂದ ಹೀರಿ ಎಳೆಯಬೇಕಿತ್ತು. ಅಸ್ಪೃಶ್ಯನ ಬಾಯಿ ಸೋಕಿದ ಲಾಳಿಗೆ ತನ್ನ ಬಾಯಿ ಹಚ್ಚಲು ಸವರ್ಣ ಕಾರ್ಮಿಕ ಒಪ್ಪುತ್ತಿರಲಿಲ್ಲ. ಆದ್ದರಿಂದ ಆ ವಿಭಾಗದ ಬಾಗಿಲೇ ದಲಿತರಿಗೆ ಮುಚ್ಚಿತ್ತು. ಅವರ ಪಾಲಿಗೆ ಕಡಿಮೆ ಕೂಲಿಯ ನೂಲುವ ವಿಭಾಗ. ಮಾಲೀಕ ಇಬ್ಬರನ್ನೂ ಸುಲಿಯುತ್ತಿದ್ದ, ಸುಲಿಸಿಕೊಳ್ಳುವವರು ಒಬ್ಬರ ಎಂಜಲಿಗೆ ಇನ್ನೊಬ್ಬರು ಮುಖ ಸಿಂಡರಿಸುತ್ತಿದ್ದರು. 1928ರ ದೊಡ್ಡ ಮುಷ್ಕರದ ವೇಳೆ, ನೇಯ್ಗೆ ವಿಭಾಗಕ್ಕೆ ನಮ್ಮವರಿಗೂ ಪ್ರವೇಶ ಬೇಕು ಎಂಬುದನ್ನೂ ಬೇಡಿಕೆ ಪಟ್ಟಿಗೆ ಸೇರಿಸಿ ಎಂದು ಅಂಬೇಡ್ಕರ್ ಪಟ್ಟು ಹಿಡಿದರು. ಹತ್ತು ವರ್ಷದ ಬಳಿಕ, 1938ರ ಫೆಬ್ರವರಿಯಲ್ಲಿ, ಮನಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನದಲ್ಲಿ ಮಾತಾಡುತ್ತ, ಕಾರ್ಮಿಕರಿಗೆ ಶತ್ರುಗಳು ಇಬ್ಬರು, ಒಂದು ಬ್ರಾಹ್ಮಣಶಾಹಿ, ಇನ್ನೊಂದು ಬಂಡವಾಳಶಾಹಿ ಎಂದರು. ಎಡದವರು ಮೊದಲನೆಯದನ್ನು ಮರೆತರು. ಉಳಿದವರು ಎರಡನೆಯದನ್ನು ಮರೆತರು, ಅಥವಾ ಮರೆತಂತೆ ಮಾಡಿದರು.

ಅದೇ ವರ್ಷ ಮುಂಬಯಿಯ ಕಾಂಗ್ರೆಸ್ ಸರ್ಕಾರ ಕೈಗಾರಿಕಾ ವಿವಾದ ಮಸೂದೆ ತಂದಿತು. ರಾಜಿ ಸಂಧಾನದ ಸುತ್ತು ಮುಗಿಯುವ ಮುನ್ನ ಮುಷ್ಕರ ಹೂಡಿದರೆ ಅಪರಾಧ. ಸಭೆಯಲ್ಲಿ ಅಂಬೇಡ್ಕರ್ ಎತ್ತಿದ ವಾದ ಇವತ್ತಿಗೂ ಮಾಸಿಲ್ಲ: ಮುಷ್ಕರದ ಹಕ್ಕೆಂದರೆ ಸ್ವಾತಂತ್ರ್ಯದ ಹಕ್ಕಿಗೆ ಇನ್ನೊಂದು ಹೆಸರು, ಒಲ್ಲದ ಕೆಲಸವನ್ನು ಬಲವಂತದಿಂದ ಮಾಡಿಸಿದರೆ ಅದು ಗುಲಾಮಗಿರಿ. 1938ರ ನವೆಂಬರ್ 7ರಂದು ಡಾಂಗೆ ಮೊದಲಾದ ಕಮ್ಯುನಿಸ್ಟರ ಜೊತೆಗೂಡಿ ಅವರು ಮುಂಬಯಿಯಲ್ಲಿ ಒಂದು ದಿನದ ಮುಷ್ಕರ ನಡೆಸಿದರು. ತನ್ನ ದಿನ ತನ್ನದು, ಅದನ್ನು ಕೊಡುವುದೂ ಬಿಡುವುದೂ ತನ್ನ ಇಚ್ಛೆ ಎಂದು ಕಾರ್ಮಿಕ ಹೇಳಬಲ್ಲನೇ ಇಲ್ಲವೇ ಎಂಬುದೇ ಅಂದಿನ ಜಗಳ. ಇಂಥವರ ಜಯಂತಿಗೆ ‘ಕೆಲಸಕ್ಕೆ ಬಾ, ಅದೇ ಗೌರವ’ ಎನ್ನುವವರಿಗೆ ಚರಿತ್ರೆ ಗೊತ್ತಿಲ್ಲ ಎನ್ನಬೇಕು, ಇಲ್ಲವೇ ಚೆನ್ನಾಗಿ ಗೊತ್ತಿದೆ ಎನ್ನಬೇಕು.

ರಜೆಗೂ ಜಾತಿವಿರೋಧಿ ಹೋರಾಟಕ್ಕೂ ಇರುವ ನಂಟು ಅಂಬೇಡ್ಕರರಿಗಿಂತ ಹಳೆಯದು. ಭಾನುವಾರದ ಬಿಡುವು ಮುಂಬಯಿಯ ಗಿರಣಿಗಳಿಗೆ ಬಂದದ್ದು 1890ರ ಜೂನ್ 10ರಂದು. ಅದಕ್ಕಾಗಿ ವರ್ಷಗಟ್ಟಲೆ ಅರ್ಜಿ ಬರೆದು, ಸಭೆ ಸೇರಿಸಿ, ಮಾಲೀಕರನ್ನು ಮಣಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಮನುಷ್ಯ. ಅಂಬೇಡ್ಕರ್ ಹುಟ್ಟಿದ್ದು ಮರುವರ್ಷ. ಇಂದು ಭಾನುವಾರ ಬೆಳಿಗ್ಗೆ ದೋಸೆ ತಿಂದು ಸೋಫಾದ ಮೇಲೆ ಕಾಲು ಚಾಚಿ ‘ಈ ದೇಶದಲ್ಲಿ ರಜೆ ಜಾಸ್ತಿಯಾಯಿತು’ ಎಂದು ಬರೆಯುವವರ ಆ ಭಾನುವಾರವೂ ಆಕಾಶದಿಂದ ಉದುರಿದ್ದಲ್ಲ.

ಜಯಂತಿಯನ್ನೂ ಯಾವ ಸರ್ಕಾರವೂ ದಯಪಾಲಿಸಿದ್ದಲ್ಲ. ಮೊದಲ ಅಂಬೇಡ್ಕರ್ ಜಯಂತಿ ನಡೆದದ್ದು 1928ರಲ್ಲಿ, ಪುಣೆಯಲ್ಲಿ, ಜನಾರ್ದನ ಸದಾಶಿವ ರಣಪಿಸೆ ಎಂಬ ಅನುಯಾಯಿಯ ಮುಂದಾಳುತನದಲ್ಲಿ. ಆಗ ರಜೆಯೂ ಇಲ್ಲ, ಸುತ್ತೋಲೆಯೂ ಇಲ್ಲ. ಜನರೇ ದಿನವನ್ನು ತಮ್ಮದಾಗಿಸಿಕೊಂಡರು. ರಾಜ್ಯ ಆ ಮೇಲೆ, ಬಹಳ ತಡವಾಗಿ, ಹಿಂದೆ ಬಂತು. ಈಗಲೂ ಜನವರಿ 26, ಆಗಸ್ಟ್ 15, ಅಕ್ಟೋಬರ್ 2ರ ಸಾಲಿನ ರಾಷ್ಟ್ರೀಯ ರಜೆ ಇದಲ್ಲ. ಕೇಂದ್ರ ಸರ್ಕಾರಿ ಕಚೇರಿಗಳಿಗೆ ವರ್ಷ ವರ್ಷವೂ ಪ್ರತ್ಯೇಕ ಆದೇಶ ಹೊರಡಿಸಿ ರಜೆ ಘೋಷಿಸುವ ರೂಢಿ ನಡೆದು ಬಂದಿದೆ. ‘ರಜೆ ತೆಗೆಯಿರಿ’ ಎಂದು ಕೂಗುವವರು ಇನ್ನೂ ಪೂರ್ತಿ ಕೊಟ್ಟಿರದ ವಸ್ತುವನ್ನು ವಾಪಸು ಕೇಳುತ್ತಿದ್ದಾರೆ.

ಕೊಟ್ಟಿರುವುದಾದರೂ ಯಾರಿಗೆ? ಇದು ನನ್ನ ಮುಖ್ಯ ತಕರಾರು. ನಮ್ಮ ದೇಶದಲ್ಲಿ ಸಾರ್ವಜನಿಕ ರಜೆ ಘೋಷಣೆಯಾಗುವುದು ಯಾವ ಕಾಯ್ದೆಯಡಿ ಎಂದು ನೋಡಿದರೆ ನಗು ಬರುತ್ತದೆ: 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಹುಂಡಿ, ಪ್ರಾಮಿಸರಿ ನೋಟು, ಚೆಕ್ಕುಗಳ ಕಾನೂನು. ಅದರ 25ನೇ ಕಲಮಿನಲ್ಲಿ ಬರುವ ಸಾರ್ವಜನಿಕ ರಜೆ, ಆ ದಿನ ವಾಯಿದೆ ಮುಗಿಯುವ ಹುಂಡಿಯ ಹಣ ಯಾವಾಗ ಸಲ್ಲಬೇಕು ಎಂಬ ಚಿಂತೆಯಿಂದ ಹುಟ್ಟಿದ್ದು. ಚೆಕ್ಕಿಗೆ ವಿಶ್ರಾಂತಿ. ಬ್ಯಾಂಕು ಮುಚ್ಚುತ್ತದೆ, ಕಚೇರಿ ಮುಚ್ಚುತ್ತದೆ. ಕಾರ್ಖಾನೆ ಮುಚ್ಚಬೇಕೆಂದು ಆ ಕಾಯ್ದೆ ಹೇಳುವುದಿಲ್ಲ.

ಕಾರ್ಖಾನೆಗೆ ಬೇರೆ ಕಾಯ್ದೆಯಿದೆ. ಕರ್ನಾಟಕದಲ್ಲಿ ಅದು 1963ರದು, ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಅದು ದಿನಾಂಕ ಹೆಸರಿಸಿ ಕಡ್ಡಾಯ ಮಾಡಿರುವ ದಿನಗಳು ಐದು: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಇವುಗಳ ಜೊತೆ ಇನ್ನೈದು ಹಬ್ಬದ ರಜೆ. ಅವು ಯಾವುವೆಂದು ಸಂಸ್ಥೆಯ ಮಟ್ಟದಲ್ಲಿ ಗೊತ್ತಾಗಬೇಕು. ಕಡ್ಡಾಯದ ಸಾಲಿನಲ್ಲಿ ಏಪ್ರಿಲ್ 14 ಇಲ್ಲ. ಯುಗಾದಿ, ದಸರಾ, ದೀಪಾವಳಿಗಳ ನಡುವೆ ಉಳಿದ ಐದರಲ್ಲಿ ಅದಕ್ಕೆ ಜಾಗ ಸಿಗುವುದು ಎಷ್ಟು ಕಡೆ, ಊಹಿಸಿ. ಹೀಗಾಗಿ ಕಾರ್ಮಿಕ ನಾಯಕನ ಜಯಂತಿಗೆ ತಹಶೀಲ್ದಾರರಿಗೆ ರಜೆ, ಬ್ಯಾಂಕ್ ಮ್ಯಾನೇಜರಿಗೆ ರಜೆ, ಪ್ರೊಫೆಸರರಿಗೆ ರಜೆ. ಪೀಣ್ಯದ ಲೇತ್ ಮುಂದೆ ನಿಂತವನಿಗೆ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವವಳಿಗೆ ಹಕ್ಕಿನ ರಜೆ ಇಲ್ಲ. ಗಾರ್ಮೆಂಟ್ಸ್‌ನಲ್ಲಿ ರಜೆ ಕೊಟ್ಟರೂ ಭಾನುವಾರ ಬಂದು ಅದನ್ನು ತೀರಿಸಬೇಕಾಗುತ್ತದೆ ಎಂಬುದು ಅಲ್ಲಿನ ಹೆಂಗಸರ ಹಳೆಯ ದೂರು. ಮನೆಗೆ ಊಟ ತಂದು ಕೊಡುವ ಹುಡುಗರಿಗಂತೂ ರಜೆ ಬಂದರೆ ಆರ್ಡರ್ ಜಾಸ್ತಿ; ಊರಿಗೆ ಬಿಡುವಾದಷ್ಟೂ ಅವರಿಗೆ ಓಟ ಹೆಚ್ಚು.

ಇನ್ನು ಪೌರಕಾರ್ಮಿಕರು. ಮೆರವಣಿಗೆ ಮುಗಿದ ಮೇಲೆ ಟೌನ್‌ಹಾಲ್ ಮುಂದೆ ಬಿದ್ದಿರುವ ಚೆಂಡುಹೂವು, ಮಜ್ಜಿಗೆಯ ಪ್ಯಾಕೆಟ್ಟು, ನೀಲಿ ಬಣ್ಣದ ಕಾಗದದ ಚೂರುಗಳನ್ನು ಗುಡಿಸುವವರು ಯಾರ ಮಕ್ಕಳು ಎಂದು ಕೇಳಬೇಕಾಗಿಲ್ಲ. ಮುಂಬಯಿಯಲ್ಲಿ ಪೌರಕಾರ್ಮಿಕರ ಸಂಘ ಕಟ್ಟಿದವರ ಹುಟ್ಟುಹಬ್ಬದಂದು ಪೌರಕಾರ್ಮಿಕರು ಪೊರಕೆ ಹಿಡಿದಿರುತ್ತಾರೆ. ಜಯಂತಿ ರಜೆ ದಂಡ ಎನ್ನುವವರು ಒಮ್ಮೆಯಾದರೂ ಇವರ ಕಡೆ ತಿರುಗಿ, ನಿಮಗೆ ರಜೆ ಸಿಕ್ಕಿತೇ ಎಂದು ಕೇಳಿದ್ದಾರೆಯೇ?

ರಜೆಯಿಂದ ಆರ್ಥಿಕತೆಗೆ ಪೆಟ್ಟು ಎಂಬ ವಾದ ಎಲ್ಲ ದೇಶದಲ್ಲೂ ಒಂದೇ ರಾಗದಲ್ಲಿ ಬರುತ್ತದೆ. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟುಹಬ್ಬದ ರಜೆಗೆ 1979ರಲ್ಲಿ ಮಸೂದೆ ಬಂದಾಗ, ಫೆಡರಲ್ ನೌಕರರಿಗೆ ಇನ್ನೊಂದು ಸಂಬಳದ ರಜೆ ದುಬಾರಿ ಎಂಬುದೇ ವಿರೋಧದ ದೊಡ್ಡ ಕಾರಣವಾಗಿತ್ತು. ಐದು ಮತಗಳಿಂದ ಅದು ಬಿತ್ತು. ಮೊದಲು ವೆಚ್ಚದ ಲೆಕ್ಕ ಹೇಳಿದ್ದ ಅಧ್ಯಕ್ಷ ರೇಗನ್ 1983ರ ನವೆಂಬರ್‌ನಲ್ಲಿ ಸಹಿ ಹಾಕಬೇಕಾಯಿತು. ಆ ರಜೆಯನ್ನು ಮೊದಲು ಕೇಳಿದವರಲ್ಲಿ ಕಾರ್ಮಿಕ ಸಂಘಗಳೇ ಮುಂದಿದ್ದವು. ಕಾನೂನು ಬರುವ ಮುನ್ನವೇ ಮಾಲೀಕರೊಂದಿಗಿನ ಒಪ್ಪಂದಗಳಲ್ಲಿ ಕಿಂಗ್ ಹುಟ್ಟುಹಬ್ಬಕ್ಕೆ ರಜೆ ಗಿಟ್ಟಿಸಿಕೊಳ್ಳತೊಡಗಿದ್ದವು. ಅದರಲ್ಲಿ ಆಶ್ಚರ್ಯವಿಲ್ಲ. 1968ರ ಏಪ್ರಿಲ್ 4ರಂದು ಗುಂಡಿಗೆ ಬಲಿಯಾದಾಗ ಕಿಂಗ್ ಮೆಂಫಿಸ್‌ಗೆ ಬಂದಿದ್ದದ್ದು ಅಲ್ಲಿನ ಕಸ ಸಾಗಿಸುವ ಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ. 1994ರಲ್ಲಿ ಅಲ್ಲೂ ಆ ದಿನವನ್ನು ‘ಸೇವಾ ದಿನ’ ಮಾಡುವ ಕಾನೂನು ಬಂತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮುಷ್ಕರದ ಊರಿನಲ್ಲಿ ಸತ್ತವನ ನೆನಪಿಗೆ ಪಾರ್ಕಿನ ಬೇಲಿಗೆ ಬಣ್ಣ ಬಳಿಯುವುದರಲ್ಲಿ ಯಾವ ಮಾಲೀಕನಿಗೂ ಇರುಸುಮುರುಸಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮಲ್ಲಿ ಈ ಸೇವೆಯ ಮಾತಿಗೆ ಕಾಯಕದ ಲೇಪ ಸಿಗುತ್ತದೆ. ಹನ್ನೆರಡನೆಯ ಶತಮಾನದ ಶರಣರನ್ನು ಕರೆತಂದು ಓವರ್‌ಟೈಮಿನ ಸಾಕ್ಷಿಗೆ ನಿಲ್ಲಿಸುತ್ತಾರೆ. ಶರಣರ ಕಾಯಕ ಅವರ ಕೈಯಲ್ಲಿತ್ತು, ಫಲ ದಾಸೋಹಕ್ಕೆ ಹೋಗುತ್ತಿತ್ತು. ಮೂರನೆಯವನ ಲಾಭಕ್ಕೆ ಹೆಚ್ಚುವರಿ ಎರಡು ಗಂಟೆ ದುಡಿಯುವುದನ್ನು ಅವರು ಕಾಯಕ ಎಂದು ಕರೆದಿರಲಿಲ್ಲ.

ಇನ್ನೊಂದು ವಾದ ಸ್ವಲ್ಪ ನಯವಾದದ್ದು: ಅಂಬೇಡ್ಕರ್ ದಿನಕ್ಕೆ ಹದಿನೆಂಟು ಗಂಟೆ ಓದುತ್ತಿದ್ದರು, ಆದ್ದರಿಂದ ನಾವು ರಜೆ ಕೇಳಬಾರದು. ಅಂಬೇಡ್ಕರ್ ಜಯಂತಿಗೆ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಹದಿನೆಂಟು ತಾಸು ಓದುವ ಕಾರ್ಯಕ್ರಮ ಕೆಲವೆಡೆ ನಡೆಯುತ್ತದೆ. ಅದು ಚೆಂದ. ಆದರೆ ಹಾಗೆ ಕೂತು ಓದಲು ಇಡೀ ದಿನ ಬಿಡುವಿರಬೇಕಲ್ಲ? ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದವಳಿಗೆ ಪುಸ್ತಕದ ಎರಡನೇ ಪುಟದಲ್ಲಿ ಕಣ್ಣು ಮುಚ್ಚುತ್ತದೆ.

ಹನ್ನೆರಡು ಗಂಟೆ ಎಂದದ್ದು ಅಲಂಕಾರಕ್ಕಲ್ಲ. 2020ರ ಮೇ ತಿಂಗಳಲ್ಲಿ, ಕೊರೋನಾದ ನಡುವೆ, ರಾಜ್ಯ ಸರ್ಕಾರ ಕಾರ್ಖಾನೆಗಳಿಗೆ ದಿನಕ್ಕೆ 10, ವಾರಕ್ಕೆ 60 ಗಂಟೆಯ ಅನುಮತಿ ಕೊಟ್ಟು, ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಜೂನ್‌ನಲ್ಲಿ ಹಿಂದೆಗೆಯಿತು. 2023ರ ಫೆಬ್ರವರಿಯಲ್ಲಿ ವಿಧಾನಮಂಡಲವೇ ಕಾರ್ಖಾನೆ ಕಾಯ್ದೆ ತಿದ್ದಿ, ವಾರದ 48ರ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75ರಿಂದ 145 ಗಂಟೆಗೆ ಏರಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯ ಹೊತ್ತಿಗೆ ಎಲ್ ಆ್ಯಂಡ್ ಟಿ ಕಂಪನಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಬಾಯಲ್ಲಿ ಅದು 90 ಆಗಿ, ಭಾನುವಾರವೂ ಅದರೊಳಗೆ ಸೇರಿತ್ತು. ಅಂಬೇಡ್ಕರ್ 54ನ್ನು 48 ಮಾಡಿದರು. ನಾವು 48ನ್ನು 90ರ ಕಡೆ ತಳ್ಳುತ್ತ ‘ಜಯಂತಿಗೆ ಹೆಚ್ಚು ದುಡಿಯೋಣ’ ಎಂದು ಅವರ ವಿಗ್ರಹಕ್ಕೆ ಹಾರ ಹಾಕುತ್ತಿದ್ದೇವೆ.

ರಜೆ ಕೊಟ್ಟರೆ ಜನ ನಿದ್ದೆ ಮಾಡುತ್ತಾರೆ, ಕ್ರಿಕೆಟ್ ನೋಡುತ್ತಾರೆ, ನಂದಿಬೆಟ್ಟಕ್ಕೆ ಹೋಗುತ್ತಾರೆ ಎಂಬ ದೂರೂ ಇದೆ. ಹೋಗಲಿ. ಆಗಸ್ಟ್ 15ರಂದು ಎಷ್ಟು ಮಂದಿ ಭಗತ್ ಸಿಂಗರ ಬರಹ ಓದುತ್ತಾರೆ? ಆ ರಜೆ ತೆಗೆಯಿರಿ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ನಿದ್ದೆಗೆಟ್ಟು ದುಡಿದವನು ಸಂಬಳ ಕಡಿತದ ಭಯವಿಲ್ಲದೆ ಒಂದು ಹಗಲು ಮಲಗಿದರೆ, ಅದಕ್ಕಾಗಿ ಶಾಸನಸಭೆಯಲ್ಲಿ ವಾದಿಸಿದವರಿಗೆ ಅದು ಅವಮಾನವೆಂದು ನನಗನ್ನಿಸುವುದಿಲ್ಲ. ಒಬ್ಬೊಬ್ಬ ಮಹಾಪುರುಷನನ್ನೂ ಒಂದೊಂದು ಜಾತಿಗೆ ಹಂಚಿ ಸರ್ಕಾರ ಜಯಂತಿಗಳನ್ನು ಕಾಣಿಕೆಯಂತೆ ಕೊಡುತ್ತಿದೆ ಎಂಬ ಆಕ್ಷೇಪದಲ್ಲಿ ಹುರುಳಿದೆ, ಒಪ್ಪುತ್ತೇನೆ. ಅದಕ್ಕೆ ಮದ್ದು ಅಂಬೇಡ್ಕರರನ್ನು ಆ ಪಟ್ಟಿಯಿಂದ ಹೊರತಂದು ದುಡಿಯುವ ಎಲ್ಲರ ದಿನವಾಗಿಸುವುದು. ದಲಿತ ಕಾರ್ಮಿಕರಿಗೆ ಮಾತ್ರ ಅನ್ವಯವಾಗುವ 48 ಗಂಟೆಯನ್ನೇನೂ ಅವರು ತರಲಿಲ್ಲವಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. 1963ರ ಕಾಯ್ದೆಯ ಕಡ್ಡಾಯದ ಸಾಲಿಗೆ ಏಪ್ರಿಲ್ 14 ಸೇರಿಸಬೇಕು. ಮೇ 1ಕ್ಕೆ, ನವೆಂಬರ್ 1ಕ್ಕೆ ಇದ್ದ ಜಾಗ ಇದಕ್ಕೂ ಇದೆ. ಗುತ್ತಿಗೆಯವರು, ಪೌರಕಾರ್ಮಿಕರು, ಆ್ಯಪ್‌ಗಳ ಹುಡುಗರು ಅದರಿಂದ ಹೊರಗುಳಿಯದಂತೆ ಬರೆಯಬೇಕು. ಆಸ್ಪತ್ರೆ, ನೀರು, ಬಸ್ಸು ನಿಲ್ಲುವಂತಿಲ್ಲ ನಿಜ. ಅಲ್ಲಿ ದುಡಿದವರಿಗೆ ಎರಡು ಪಟ್ಟು ಕೂಲಿ, ಜೊತೆಗೆ ಬದಲಿ ರಜೆ. ಆಮೇಲೂ ಮಹಾಪುರುಷರ ಜಯಂತಿಯಂದು ದುಡಿದೇ ಗೌರವ ಸಲ್ಲಿಸಬೇಕು ಎನ್ನುವ ಮಾಲೀಕರಿದ್ದರೆ ಅಡ್ಡಿಯಿಲ್ಲ, ಅಂದು ಅವರೇ ಬಂದು ಮಷೀನಿನ ಮುಂದೆ ಕೂರಲಿ.